ದೇವಿಮನೆ ಘಟ್ಟ ಮತ್ತು ವಾಟ್‌ಗಳ ಲೆಕ್ಕ

ಕುಮಟಾದಿಂದ ಶಿರಸಿ ಕಡೆ ಸೈಕಲ್ ಹೊಡೆದರೆ ಕತಗಾಲದವರೆಗೆ ದೊಡ್ಡ ತ್ರಾಸಿಲ್ಲ. ಅದು ದಾಟಿದ ಮೇಲೆ ದೇವಿಮನೆ ಘಟ್ಟ ಶುರು. ಮೊದಲ ತಿರುವುಗಳಲ್ಲಿ ಕಾಲಲ್ಲಿ ಇನ್ನೂ ಕಸುವಿರುತ್ತದೆ. ಎದ್ದು ನಿಂತು ತುಳಿದುಬಿಡೋಣ ಅನಿಸುತ್ತದೆ. ದೂರದ ಟ್ರಯಥ್ಲಾನ್‌ಗೆ ತಯಾರಾಗುವವರು ತಡೆದುಕೊಳ್ಳಬೇಕಾದದ್ದು ಅಲ್ಲೇ.

ಪೂರ್ತಿ ಐರನ್‌ಮ್ಯಾನ್ ಅಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಆಮೇಲೆ 42.2 ಕಿ.ಮೀ. ಓಟ. ಪಕ್ಕದ ಗೋವಾದಲ್ಲಿ 2019ರಲ್ಲಿ ಶುರುವಾದದ್ದು ಇದರ ಅರ್ಧದ್ದು. ಎರಡರಲ್ಲೂ ಸೈಕಲ್ ಇಳಿದ ಮೇಲೆ ಓಡಬೇಕು. ಹಾಗಾಗಿ ಸೈಕಲ್ ಮೇಲೆ ಎಷ್ಟು ಬೇಗ ಹೋದಿರಿ ಅನ್ನೋದಕ್ಕಿಂತ ಕಾಲಲ್ಲಿ ಎಷ್ಟು ಉಳಿಸಿಕೊಂಡು ಇಳಿದಿರಿ ಅನ್ನೋದು ಮುಖ್ಯ.

ಸೈಕಲ್ಲಿನಲ್ಲಿ ಪವರ್ ಅಂದರೆ ಎರಡರ ಗುಣಾಕಾರ: ಪೆಡಲ್ ಮೇಲೆ ಎಷ್ಟು ಜೋರಾಗಿ ಒತ್ತುತ್ತೀರಿ, ಅದನ್ನು ಎಷ್ಟು ಬೇಗ ತಿರುಗಿಸುತ್ತೀರಿ. ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದೇ ಕೇಡೆನ್ಸ್. ಆ ಒತ್ತಡಕ್ಕೆ ಕ್ರ್ಯಾಂಕಿನ, ಅಂದರೆ ಪೆಡಲ್ ಹಿಡಿದ ತೋಳಿನ, ಲೋಹ ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಕಡಿಮೆ ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ತಂತಿಯ ವಿದ್ಯುತ್ ರೋಧ ಆಗ ಬದಲಾಗುತ್ತದೆ. ಅದನ್ನೇ ಅಳೆದು ಪವರ್ ಮೀಟರ್ ವಾಟ್ ತೋರಿಸುತ್ತದೆ. ಸೈಕಲ್ಲಿಗೆ ಇದನ್ನು ತಂದವರು ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬೆರೆರ್, 1986ರಲ್ಲಿ.

ಈಗ 150 ವಾಟ್ ತಗೊಳ್ಳಿ. 170 ಮಿ.ಮೀ. ಕ್ರ್ಯಾಂಕ್‌ನಲ್ಲಿ ನಿಮಿಷಕ್ಕೆ 90 ಸುತ್ತು ತಿರುಗಿಸಿದರೆ ಪೆಡಲ್‌ಗೆ ಬೀಳುವ ಸರಾಸರಿ ಬಲ ಒಂಬತ್ತೂವರೆ ಕಿಲೋ ತೂಕದಷ್ಟು. ಅದೇ 150 ವಾಟ್‌ಗೆ 60 ಸುತ್ತು ಸಾಕು ಅಂದರೆ ಹದಿನಾಲ್ಕು ಕಿಲೋ ಮೀರುತ್ತದೆ. ಸೈಕಲ್ ಹೋಗುವ ವೇಗ ಒಂದೇ, ಆದರೆ ತೊಡೆಗೆ ಬೀಳುವ ಭಾರ ಒಂದೇ ಅಲ್ಲ. ಬಲ ಜಾಸ್ತಿ ಬೇಕಾದಾಗ ದೇಹ ಬೇಗ ದಣಿಯುವ ಸ್ನಾಯು ಎಳೆಗಳನ್ನೂ ಕೆಲಸಕ್ಕೆ ಕರೆಯುತ್ತದೆ. ಅವು ಕೊಬ್ಬಿಗಿಂತ ಗ್ಲೈಕೋಜನ್ ಅನ್ನೇ ಹೆಚ್ಚು ಸುಡುತ್ತವೆ. ಗ್ಲೈಕೋಜನ್ ಅಂದರೆ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ. ಒಟ್ಟು ಸುಮಾರು ಅರ್ಧ ಕಿಲೋ ಅಷ್ಟೇ.

ಹಾಗಾದರೆ ಬೇಗ ಬೇಗ ತಿರುಗಿಸೋದೇ ಸರಿ ಅಲ್ವಾ? ಪೂರ್ತಿ ಸರಿಯಲ್ಲ. ಲ್ಯಾಬಿನಲ್ಲಿ ಆಮ್ಲಜನಕ ಅಳೆದು ನೋಡಿದರೆ ಕಡಿಮೆ ಖರ್ಚು ಬರುವುದು 60ರ ಆಸುಪಾಸಿನಲ್ಲೇ. ಕಾಲನ್ನು ಸುಮ್ನೆ ತಿರುಗಿಸಲಿಕ್ಕೂ ಶಕ್ತಿ ಬೇಕು, ಎದೆಬಡಿತ ಏರುತ್ತದೆ. ಆದರೂ ಪಳಗಿದ ಸವಾರರು 80ರಿಂದ 100ರ ನಡುವೆ ಇರುತ್ತಾರೆ. ಉಸಿರಿನ ಖರ್ಚು ಸ್ವಲ್ಪ ಹೆಚ್ಚಾದರೂ ಸ್ನಾಯು ಉಳಿಯುತ್ತದೆ ಅನ್ನೋ ವ್ಯಾಪಾರ ಅದು. ಮುಂದೆ ಓಟ ಇರುವವರಿಗೆ 80–90 ಸಾಕು ಅನ್ನೋದು ನನ್ನ ಅಭಿಪ್ರಾಯ. ಸೆನ್ಸರ್ ಇಲ್ಲದಿದ್ದರೆ ಬಲಮಂಡಿ ಮೇಲೆ ಬರುವುದನ್ನು 15 ಸೆಕೆಂಡ್ ಎಣಿಸಿ. 20–22 ಬಂದರೆ ನೀವು ಅಲ್ಲೇ ಇದ್ದೀರಿ.

ಘಟ್ಟದಲ್ಲಿ ಈ ಸಂಖ್ಯೆ ಉಳಿಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿದರೆ ಸಾಲದು, ಗೇರ್ ಬೇಕು. ಮುಂದೆ 34 ಹಲ್ಲು, ಹಿಂದೆ ದೊಡ್ಡದು 28 ಹಲ್ಲು ಇರುವ ಸೈಕಲ್ಲಿನಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಿದರೆ ಕೇಡೆನ್ಸ್ 65ಕ್ಕೆ ಕುಸಿಯುತ್ತದೆ. ಹಿಂದೆ 34ರದ್ದು ಹಾಕಿಸಿದರೆ ಅದೇ ವೇಗಕ್ಕೆ 79. ಘಟ್ಟ ಹತ್ತುವ ಬಸ್ಸಿನ ಡ್ರೈವರ್ ತಿರುವಿಗೆ ಮೊದಲೇ ಗೇರ್ ಇಳಿಸುವ ಹಾಗೆ, ಕಾಲು ಬಿಗಿಯುವ ಮೊದಲೇ ಬದಲಿಸಬೇಕು. ದುಬಾರಿ ಚಕ್ರಕ್ಕೆ ಹಣ ಸುರಿಯುವ ಮೊದಲು ಘಟ್ಟದ ಕೆಳಗಿನವರು ಕ್ಯಾಸೆಟ್, ಅಂದರೆ ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲು, ನೋಡಲಿ.

ಇನ್ನು ಎಷ್ಟು ವಾಟ್? ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಗರಿಷ್ಠ ಪವರ್‌ಗೆ ಎಫ್‌ಟಿಪಿ ಅನ್ನುತ್ತಾರೆ. 180 ಕಿ.ಮೀ.ಗೆ ಹೆಚ್ಚಿನವರಿಗೆ ಅದರ ಶೇ. 65–75 ಹದ. ಎಫ್‌ಟಿಪಿ 210 ಇದ್ದವರಿಗೆ 150ರ ಹತ್ತಿರ. ಆದರೆ ಸರಾಸರಿ 150 ಬಂತು ಅಂದಮಾತ್ರಕ್ಕೆ ಆಯಿತು ಅಂದುಕೊಳ್ಳಬೇಡಿ. ಅರ್ಧ ಹೊತ್ತು 100, ಅರ್ಧ ಹೊತ್ತು 200 ತುಳಿದರೂ ಸರಾಸರಿ 150ಯೇ. ದೇಹ ಹಾಗೆ ಲೆಕ್ಕ ಹಾಕುವುದಿಲ್ಲ. ಜೋರಾಗಿ ತುಳಿದಷ್ಟೂ ದಣಿವು ತುಂಬಾ ಕಡಿದಾಗಿ ಏರುತ್ತದೆ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಆಂಡ್ರ್ಯೂ ಕಾಗನ್ ರೂಪಿಸಿದ ‘ನಾರ್ಮಲೈಸ್ಡ್ ಪವರ್’ ಇದಕ್ಕೇ ಇದೆ. 30 ಸೆಕೆಂಡಿನ ಸರಾಸರಿಗಳನ್ನು ನಾಲ್ಕನೇ ಘಾತಕ್ಕೆ ಏರಿಸಿ, ಸರಾಸರಿ ತೆಗೆದು, ಮತ್ತೆ ನಾಲ್ಕನೇ ಮೂಲ ತೆಗೆಯುವುದು. ಮೇಲಿನ ಲೆಕ್ಕ ಆಗ 171 ವಾಟ್ ಆಗುತ್ತದೆ. ಇಪ್ಪತ್ತೊಂದು ವಾಟ್ ಎಲ್ಲಿಂದ ಬಂತು? ಏರಿನಲ್ಲಿ ತೋರಿಸಿದ ಹುರುಪಿನಿಂದ.

ಹಾಗಂತ ಏರು-ಇಳುಕಲು ಎರಡಕ್ಕೂ ಒಂದೇ ವಾಟ್ ಹಿಡಿಯುವುದೂ ಜಾಣತನವಲ್ಲ. ಏರಿನಲ್ಲಿ ಹೋರಾಟ ಮುಖ್ಯವಾಗಿ ಗುರುತ್ವದ ಜೊತೆ. ಗಂಟೆಗೆ 10ರಿಂದ 11 ಕಿ.ಮೀ.ಗೆ ಹೋಗಲು ಪವರ್ ಹೆಚ್ಚುಕಡಿಮೆ ಶೇ. 10ರಷ್ಟೇ ಹೆಚ್ಚಬೇಕು. ಇಳುಕಲಿನಲ್ಲಿ ಎದುರಾಳಿ ಗಾಳಿ. ಅದಕ್ಕೆ ಕೊಡುವ ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 45ರಿಂದ 50ಕ್ಕೆ ಹೋಗಲು ಗಾಳಿಯ ಬಾಬ್ತು ಶೇ. 37 ಹೆಚ್ಚು. ಆದ್ದರಿಂದ ಏರಿನಲ್ಲಿ ಗುರಿಗಿಂತ ಒಂಚೂರು ಮೇಲೆ, ಇಳಿಯುವಾಗ ಕಾಲಿಗೆ ವಿಶ್ರಾಂತಿ. ದೇವಿಮನೆ ಇಳಿಯುವಾಗಂತೂ ಬ್ರೇಕ್ ಕಡೆ ಗಮನ ಇದ್ದರೆ ಒಳ್ಳೆಯದು. ಮಧ್ಯಾಹ್ನ ಅಂಕೋಲೆಯಿಂದ ಕಾರವಾರಕ್ಕೆ ಹೊರಟರೆ ಕಡಲಗಾಳಿ ಎದುರಾಗುತ್ತದೆ. ಅದನ್ನೂ ಏರು ಅಂತಲೇ ತಿಳಿಯಿರಿ. ವೇಗ ಬಿಟ್ಟುಬಿಡಿ, ವಾಟ್ ನೋಡಿ.

ಕರಾವಳಿಯ ನಿಜವಾದ ಕಾಟ ಸೆಕೆ. ತಿಂದದ್ದರಲ್ಲಿ ಶೇ. 20–25 ಮಾತ್ರ ಪೆಡಲ್‌ಗೆ ಸೇರುತ್ತದೆ, ಉಳಿದದ್ದು ಶಾಖ. 150 ವಾಟ್ ತುಳಿಯುವವರ ಮೈ 500 ವಾಟ್ ಹೀಟರಿನಷ್ಟು ಬಿಸಿ ಹುಟ್ಟಿಸುತ್ತದೆ. ಅಷ್ಟನ್ನು ಹೊರಹಾಕಲು ಗಂಟೆಗೆ ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ಬೆವರು ಆವಿಯಾಗಬೇಕು. ಆವಿಯಾಗಬೇಕು, ಬರೀ ಸುರಿದರೆ ಆಗದು. ಏಪ್ರಿಲ್‌ನಲ್ಲಿ ಅಮದಳ್ಳಿ ದಾಟುವಾಗ ನೋಡಿ. ಬೆವರು ಮೊಣಕೈಯಿಂದ ತೊಟ್ಟಿಕ್ಕಿ ಹ್ಯಾಂಡಲ್ ಮೇಲೆ ಬೀಳುತ್ತಿರುತ್ತದೆ. ಬಿದ್ದ ಹನಿ ಮೈ ತಂಪು ಮಾಡುವುದಿಲ್ಲ. ರಕ್ತ ಚರ್ಮದ ಕಡೆ ಹರಿಯುತ್ತದೆ, ಅದೇ ವಾಟ್‌ಗೆ ಎದೆಬಡಿತ ಏರುತ್ತಾ ಹೋಗುತ್ತದೆ. ಅಂಥ ದಿನ ಶಿರಸಿಯ ತಂಪಿನಲ್ಲಿ ಸಿಕ್ಕ ಸಂಖ್ಯೆಗೆ ಹಟ ಹಿಡಿಯದೆ ಹತ್ತಿಪ್ಪತ್ತು ವಾಟ್ ಬಿಟ್ಟುಕೊಡಿ.

ತಿನ್ನುವುದು ಗಂಟೆಗೆ 60–90 ಗ್ರಾಂ ಸಕ್ಕರೆ-ಪಿಷ್ಟ, ಹೊಟ್ಟೆಗೆ ರೂಢಿ ಮಾಡಿಸಿಕೊಂಡು. ಅಂಗಡಿಯ ಎನರ್ಜಿ ಜೆಲ್ಲೇ ಆಗಬೇಕೆಂದಿಲ್ಲ. ಜೋನಿಬೆಲ್ಲ ಕದಡಿದ ನೀರಿಗೆ ಉಪ್ಪು, ಲಿಂಬು ಹಿಂಡಿಕೊಂಡರೂ ನಡೆಯುತ್ತದೆ.

ಮಳೆಗಾಲದಲ್ಲಿ ಘಟ್ಟದ ಸಹವಾಸ ಬೇಡ. ಮನೆಯಲ್ಲಿ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಹಿಡಿದಿಡುವ ಸಾಧನ) ಮೇಲೆ 20 ನಿಮಿಷ ಪೂರ್ತಿ ಜೋರಿನಲ್ಲಿ ತುಳಿದು, ಸರಾಸರಿಯನ್ನು 0.95ರಿಂದ ಗುಣಿಸಿದರೆ ಎಫ್‌ಟಿಪಿ ಅಂದಾಜು ಸಿಗುತ್ತದೆ. ಎದುರಿಗೆ ದೊಡ್ಡ ಫ್ಯಾನ್ ಇರಲೇಬೇಕು, ಇಲ್ಲದಿದ್ದರೆ ಸೆಕೆಗೇ ಸಂಖ್ಯೆ ಇಳಿಯುತ್ತದೆ. ಜುಲೈನಲ್ಲಿ ನಮ್ಮ ಕಡೆ ಹನ್ನೆರಡನೇ ನಿಮಿಷಕ್ಕೆ ಕರೆಂಟು ಹೋದರೆ ಆ ದಿನದ ಟೆಸ್ಟ್ ಬಿಟ್ಟು, ಇನ್ನೊಂದು ದಿನ ಮಾಡಿ.