ನಿಮ್ಹಾನ್ಸ್‌ನಿಂದ ನಮ್ಮೂರಿಗೆ ಎಷ್ಟು ದೂರ?

ನಮ್ಮ ಚಿಕ್ಕಮ್ಮನ ಮಾತ್ರೆಗಳು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಇರುತ್ತವೆ. ದೇವರ ಗೂಡಿನ ಪಕ್ಕ, ಕುಂಕುಮದ ಬಟ್ಟಲಿನ ಹಿಂದೆ. ರಾತ್ರಿ ಊಟವಾದ ಮೇಲೆ ಚಿಕ್ಕಪ್ಪ ಎರಡು ಮಾತ್ರೆ ತೆಗೆದು ಅವಳ ಅಂಗೈಗೆ ಹಾಕುತ್ತಾರೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. ಮಾತ್ರೆ ತಪ್ಪದಿದ್ದರೆ ಚಿಕ್ಕಮ್ಮ ಹಾಲು ಕರೆದು ಡೇರಿಗೆ ಹಾಕಿ ಬರುತ್ತಾಳೆ, ಮೊಮ್ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಾಳೆ. ತಪ್ಪಿತೋ, ಗೋಡೆಯ ಆಚೆ ಯಾರೋ ತನ್ನ ಹೆಸರು ಹಿಡಿದು ಬೈಯುತ್ತಿದ್ದಾರೆ ಅನ್ನುತ್ತಾಳೆ. ರಾತ್ರಿಯೆಲ್ಲ ಹೊಸ್ತಿಲ ಮೇಲೆ ಕೂತಿರುತ್ತಾಳೆ.

ಹೋದ ವರ್ಷ ಮೂರು ವಾರ ಮಾತ್ರೆ ಸಿಗಲಿಲ್ಲ. ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ "ಸ್ಟಾಕ್ ಬಂದಿಲ್ಲ, ಮುಂದಿನ ವಾರ ಬನ್ನಿ" ಎಂದರು. ಮುಂದಿನ ವಾರವೂ ಅದೇ ಮಾತು.

ಮನಸ್ಸಿನ ಕಾಯಿಲೆಗೆ ಈಗ ಕಾನೂನು ಇದೆ, ಯೋಜನೆ ಇದೆ, ಫೋನ್ ಮಾಡಿದರೆ ಮಾತಾಡುವವರಿದ್ದಾರೆ. ಆದರೂ ಎರಡು ಮಾತ್ರೆ ಊರಿಗೆ ಬಂದು ಸೇರುವುದು ಇಷ್ಟು ಕಷ್ಟ ಯಾಕೆ? ಇದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಶುರುವಾದದ್ದು 1847ರಲ್ಲಿ. 1925ರಲ್ಲಿ ಮೈಸೂರು ಸರ್ಕಾರ ಅದರ ಹೆಸರನ್ನು ಮಾನಸಿಕ ಆಸ್ಪತ್ರೆ ಎಂದು ಬದಲಾಯಿಸಿತು. ಮುಂದೆ ಪೇಟೆಯ ಗದ್ದಲದಿಂದ ದೂರ, ಲಕ್ಕಸಂದ್ರದ ಬಳಿ ವಿಶಾಲವಾದ ಜಾಗಕ್ಕೆ ಹೋಯಿತು. 1954ರಲ್ಲಿ ಕೇಂದ್ರ ಸರ್ಕಾರ ಅಲ್ಲೇ ಮಾನಸಿಕ ಆರೋಗ್ಯದ ಒಂದು ಅಖಿಲ ಭಾರತ ಸಂಸ್ಥೆ ತೆರೆಯಿತು. 1974ರ ಡಿಸೆಂಬರ್‌ನಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ಇಷ್ಟು ಸಲ ಬದಲಾದರೂ ಜನರ ಬಾಯಲ್ಲಿ ಹುಚ್ಚಾಸ್ಪತ್ರೆ ಎಂಬ ಮಾತು ಉಳಿದೇ ಉಳಿಯಿತು. "ನಿನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಅನ್ನುವುದು ಇವತ್ತಿಗೂ ಬೈಗುಳವೇ. ಆ ಮಾತು ಕೇಳಿದಾಗೆಲ್ಲ ನನಗೆ ನೋವಾಗುತ್ತದೆ.

ಈ ನಡುವೆ ಔಷಧಿಯ ಲೋಕದಲ್ಲೂ ದೊಡ್ಡ ಬದಲಾವಣೆಯಾಯಿತು. ನಮ್ಮ ನಾಡಿನ ಸರ್ಪಗಂಧಿ ಬೇರಿನಿಂದ ಮನಸ್ಸಿನ ಉದ್ರೇಕ ತಗ್ಗುತ್ತದೆ ಎಂದು ಇಬ್ಬರು ಭಾರತೀಯ ವೈದ್ಯರು 1931ರಲ್ಲೇ ಬರೆದಿದ್ದರು. 1952ರಲ್ಲಿ ಪ್ಯಾರಿಸ್‌ನ ವೈದ್ಯರು ಕ್ಲೋರ್‌ಪ್ರೊಮಝಿನ್ ಎಂಬ ಔಷಧಿಯನ್ನು ಇಂಥ ರೋಗಿಗಳಿಗೆ ಕೊಟ್ಟು ನೋಡಿದರು. ಕಿವಿಯಲ್ಲಿ ಕೇಳುವ ದನಿಗಳು ಕಡಿಮೆಯಾದವು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಇದ್ದವರು ಮನೆಗೆ ಹೋಗಬಹುದು ಎಂಬ ಆಸೆ ಹುಟ್ಟಿತು. ಅದೇ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ರೋಗಿಯ ಜೊತೆ ಮನೆಯವರನ್ನೂ ಕರೆಸಿ, ಆಸ್ಪತ್ರೆಯ ಅಂಗಳದಲ್ಲೇ ಟೆಂಟ್ ಹಾಕಿ ಇರಿಸಿಕೊಂಡರು. ಮಗನನ್ನು ನೋಡಿಕೊಳ್ಳುವುದು ಹೇಗೆ ಎಂದು ತಾಯಿ ಅಲ್ಲೇ ಕಲಿತಳು. ಕಾಯಿಲೆ ವಾಸಿಯಾಗಬೇಕಾದರೆ ಮನೆಯವರು ಜೊತೆಗಿರಬೇಕು ಎಂಬ ಪಾಠ ನಮ್ಮಲ್ಲಿ ಹೀಗೆ ಬೇರುಬಿಟ್ಟಿತು.

ಆದರೆ ಮನೆ ಇರುವುದು ಹಳ್ಳಿಯಲ್ಲಿ. ವೈದ್ಯರು ಇರುವುದು ಬೆಂಗಳೂರಿನಲ್ಲಿ.

1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್‌ನ ವೈದ್ಯರು ಆನೇಕಲ್ ತಾಲ್ಲೂಕಿನ ಸಕಲವಾರಕ್ಕೆ ಹೋಗಿ ಕೆಲಸ ಶುರು ಮಾಡಿದರು. ಮನೋವೈದ್ಯರು ಊರೂರಿಗೂ ಸಿಗುವುದಿಲ್ಲ. ಹಾಗಾದರೆ ಊರಿನಲ್ಲಿ ಈಗಾಗಲೇ ಇರುವ ಡಾಕ್ಟರು, ನರ್ಸಮ್ಮ ಇವರಿಗೇ ಈ ಕೆಲಸ ಕಲಿಸಿದರೆ ಹೇಗೆ? ಅವರು ನೋಡಹೊರಟದ್ದು ಇದನ್ನೇ. ಹಳ್ಳಿಯವರಿಗೆ ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂಬುದು ಮೊದಲೇ ಗೊತ್ತಿತ್ತು. ಚಿಕಿತ್ಸೆ ಇದೆ ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ ಅಡ್ಡ ಬರುತ್ತಿತ್ತು. ನಾಲ್ಕಾರು ಬಗೆಯ ಔಷಧಿ ಹತ್ತಿರದಲ್ಲಿ ಸಿಕ್ಕರೆ ತೀವ್ರ ಕಾಯಿಲೆಯವರಲ್ಲೂ ತುಂಬ ಜನ ಮನೆಯಲ್ಲೇ ಇದ್ದು ಸುಧಾರಿಸಬಹುದು ಎಂಬುದು ಅಲ್ಲಿ ಕಣ್ಣಿಗೆ ಕಂಡಿತು.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಕಾಗದದ ಮೇಲಿದ್ದ ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಬೇಕಿತ್ತು. ಆಯ್ಕೆಯಾದದ್ದು ನಮ್ಮ ಬಳ್ಳಾರಿ. ಸುಮಾರು 20 ಲಕ್ಷ ಜನರಿದ್ದ ಜಿಲ್ಲೆ, ಬಿಸಿಲು, ಗಣಿ, ದೂರ ದೂರದ ಹಳ್ಳಿಗಳು. 1985ರಿಂದ 1990ರವರೆಗೆ ಅಲ್ಲಿ ನಡೆದದ್ದನ್ನು ಈಗ ಓದಿದರೂ ಮೈ ಜುಮ್ಮೆನ್ನುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಎರಡು ವಾರದ ತರಬೇತಿ. ಆರೋಗ್ಯ ಕಾರ್ಯಕರ್ತರಿಗೆ ಒಂದು ವಾರ. ಬಾಣಂತಿಯನ್ನೋ, ಲಸಿಕೆ ಹಾಕಿಸಬೇಕಾದ ಮಗುವನ್ನೋ ನೋಡಲು ಮನೆಮನೆಗೆ ಹೋಗುವವರೇ ಇನ್ನೆರಡು ಪ್ರಶ್ನೆ ಜಾಸ್ತಿ ಕೇಳುವುದು. ನಿಮ್ಮ ಬೀದಿಯಲ್ಲಿ ಯಾರಾದರೂ ಒಬ್ಬರೇ ಮಾತಾಡಿಕೊಳ್ಳುತ್ತಾರಾ, ಸುಮ್ನೆ ನಗುತ್ತಾರಾ, ಸ್ನಾನ ಊಟ ಬಿಟ್ಟಿದ್ದಾರಾ? ಫಿಟ್ಸ್ ಬರುವವರು ಇದ್ದಾರಾ? ಇದ್ದರೆ ಕೇಂದ್ರಕ್ಕೆ ಕಳಿಸುವುದು. ಮಾತ್ರೆಗೆ ಬರುವುದನ್ನು ಬಿಟ್ಟರೆ ಮನೆಗೆ ಹೋಗಿ ಯಾಕೆ ಎಂದು ಕೇಳುವುದು. ಜಿಲ್ಲೆಗೆ ಒಂದು ತಂಡ. ಕೇಂದ್ರಗಳಿಂದ ತಿಂಗಳು ತಿಂಗಳು ಲೆಕ್ಕ.

ಇದರಲ್ಲಿ ಹೊಸ ಯಂತ್ರ ಯಾವುದೂ ಇರಲಿಲ್ಲ. ಕ್ಷಯಕ್ಕೆ, ಕುಷ್ಠಕ್ಕೆ ಮಾಡುತ್ತಿದ್ದದ್ದನ್ನೇ ಮನಸ್ಸಿಗೂ ಮಾಡಿದರು. ಮನಸ್ಸಿನ ಕಾಯಿಲೆಯೂ ಉಳಿದ ಕಾಯಿಲೆಗಳ ಹಾಗೇ ಒಂದು ಕಾಯಿಲೆ ಎಂದು ಭಾಷಣದಲ್ಲಿ ಹೇಳುವುದು ಬೇರೆ. ಜ್ವರದ ಮಾತ್ರೆ ಕೊಡುವ ಕಿಟಕಿಯಲ್ಲೇ ಅದರ ಮಾತ್ರೆಯನ್ನೂ ಕೊಡುವುದು ಬೇರೆ, ಅಲ್ವಾ? ಹೊಸದು ಅಂತ ಇದ್ದದ್ದು ಇದೇ.

ಬಳ್ಳಾರಿ ಮಾದರಿ ದೇಶಕ್ಕೇ ಮಾದರಿಯಾಯಿತು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ಹೆಸರಿನಲ್ಲಿ 4 ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ನೂರಾರು ಜಿಲ್ಲೆಗೆ ಹರಡಿತು. ಹರಡುವಾಗ ಅದರ ಜೀವ ಸ್ವಲ್ಪ ತೆಳುವಾಯಿತು ಎಂದೇ ನನ್ನ ಅನಿಸಿಕೆ. ತರಬೇತಿ ಪಡೆದ ಡಾಕ್ಟರಿಗೆ ವರ್ಗವಾದರೆ ಹೊಸಬರಿಗೆ ಮತ್ತೆ ತರಬೇತಿ ಆಗಬೇಕು. ಔಷಧಿಗೆ ಬೇಡಿಕೆ ಹೋಗಬೇಕು, ಖರೀದಿ ಆಗಬೇಕು, ಗೋದಾಮಿನಿಂದ ಲಾರಿ ಹೊರಡಬೇಕು. ಈ ಸರಪಳಿಯ ಒಂದು ಕೊಂಡಿ ಬಿಟ್ಟರೂ ಕಿಟಕಿ ಖಾಲಿ. ಕೆಲಸ ಮೆಲ್ಲಗೆ ಹಳ್ಳಿಯ ಕೇಂದ್ರದಿಂದ ಜಿಲ್ಲಾಸ್ಪತ್ರೆಯ ಕಡೆಗೆ ಸರಿಯಿತು. ಬಸ್ ಚಾರ್ಜು ಮತ್ತೆ ಶುರುವಾಯಿತು.

ಹತ್ತಿರ ಏನೂ ಇಲ್ಲದಾಗ ಜನ ಹತ್ತಿರ ಇರುವುದರ ಕಡೆ ಹೋಗುತ್ತಾರೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ, ಗುಡಿಗೋ ದರ್ಗಾಕ್ಕೋ ಹರಕೆ ಹೊರುತ್ತಾರೆ. ಅಲ್ಲಿ ಕೂತು ಕೇಳಿಸಿಕೊಳ್ಳುವವರಾದರೂ ಇರುತ್ತಾರೆ. ನಮ್ಮ ಮನೆಯವರೂ ಮೊದಲ ಎರಡು ವರ್ಷ ಹಾಗೇ ಅಲೆದರು, ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಈ ದಾರಿಯ ಕೊನೆಯಲ್ಲಿ ಕೆಲವು ಕಡೆ ಸಂಕೋಲೆ ಇತ್ತು. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಸಮೀಪ ಖಾಸಗಿಯವರು ನಡೆಸುತ್ತಿದ್ದ ಆಶ್ರಯದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಓಡಲಾಗಲಿಲ್ಲ. 28 ಜನ ಸತ್ತರು.

ದೇಶ ಬೆಚ್ಚಿಬಿದ್ದು ಕಾನೂನಿನ ಕಡೆ ನೋಡಿತು. 1912ರ ಕಾಯ್ದೆ ಈ ಜನರನ್ನು ಹುಚ್ಚರು ಎಂದೇ ಕರೆದಿತ್ತು. 1987ರ ಕಾಯ್ದೆಯ ಗಮನ ಜಾಸ್ತಿ ಇದ್ದದ್ದು ಆಸ್ಪತ್ರೆಗೆ ಸೇರಿಸುವುದು, ಬಿಡುಗಡೆ ಮಾಡುವುದರ ಮೇಲೆ. 2017ರಲ್ಲಿ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ ತಿಂಗಳಿಂದ ಜಾರಿಗೆ ಬಂದದ್ದು, ಬೇರೆಯೇ ಮಾತಾಡಿತು. ಚಿಕಿತ್ಸೆ ನಿಮ್ಮ ಹಕ್ಕು ಎಂದಿತು. ಸರಪಳಿಯಲ್ಲಿ ಕಟ್ಟಬಾರದು ಎಂದಿತು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ನೋಡಬೇಕೇ ಹೊರತು ಶಿಕ್ಷಿಸಬಾರದು ಎಂದಿತು. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ, ಸದಾ ಸಿಗಬೇಕು ಎಂದೂ ಅದರಲ್ಲಿದೆ. ಚಿಕ್ಕಪ್ಪನಿಗೆ ಇದನ್ನು ಓದಿ ಹೇಳಿದೆ. ಅವರು ಆ ಸಾಲನ್ನು ಎರಡು ಸಲ ಓದಿಸಿದರು.

ಕಾಯ್ದೆಗೆ ಮುಂಚೆ 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆದಿತ್ತು. ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆಗ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ ನೂರರಲ್ಲಿ 70ರಿಂದ 92 ಜನ ಚಿಕಿತ್ಸೆಯಿಂದ ಹೊರಗೇ ಇದ್ದರು. ಸಕಲವಾರದ ಕೆಲಸ ಶುರುವಾಗಿ ಆಗಲೇ ನಲವತ್ತು ವರ್ಷ ಆಗಿತ್ತು.

ಏನೂ ಆಗಿಲ್ಲ ಅಂತಲ್ಲ. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಿಂದ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಾಯಿತು. 2022ರ ಅಕ್ಟೋಬರ್‌ನಿಂದ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ದಿಕ್ಕು ತೋಚದೆ ಕೂತವರಿಗೆ ಅದು ಸಣ್ಣ ಸಹಾಯವಲ್ಲ. ಆದರೆ ಫೋನಿನಿಂದ ಮಾತ್ರೆ ಕೈಗೆ ಬರುವುದಿಲ್ಲ, ಅದಕ್ಕೆ ಊರಿನ ಕಿಟಕಿಯೇ ಬೇಕು. ಬಳ್ಳಾರಿಯಲ್ಲಿ ಕಲಿತದ್ದು ಈ ಕಿಟಕಿಯನ್ನು ತೆರೆದಿಡುವ ಕೆಲಸವನ್ನೇ.

ಆ ಮೂರು ವಾರ ಕಳೆದ ಮೇಲೆ ಚಿಕ್ಕಪ್ಪ ಹಳೆಯ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದರು. ಬೆಳಗ್ಗೆ ಕ್ಯೂನಲ್ಲಿ ನಿಂತು, ಮಾತ್ರೆ ತಗೊಂಡು, ಮಾರನೇ ದಿನ ವಾಪಸು ಬಂದರು. ಎರಡು ದಿನದ ಕೂಲಿ ಹೋಯಿತು. ಚಿಕ್ಕಮ್ಮನಿಗೆ ಸರಿಯಾಗಿ ನಿದ್ದೆ ಹತ್ತಲು ಇನ್ನೂ ಒಂದು ತಿಂಗಳು ಬೇಕಾಯಿತು. ಈಗ ಹಾರ್ಲಿಕ್ಸ್ ಬಾಟಲಿಯ ಪಕ್ಕ ಇನ್ನೊಂದು ಸಣ್ಣ ಡಬ್ಬಿ ಬಂದಿದೆ. ಕಿಟಕಿಯಲ್ಲಿ ಇಲ್ಲ ಅಂದರೆ ಇರಲಿ ಅಂತ ಚಿಕ್ಕಪ್ಪ ಅದರಲ್ಲಿ ಒಂದು ತಿಂಗಳ ಮಾತ್ರೆ ತೆಗೆದಿಟ್ಟಿದ್ದಾರೆ.