ಹಳದಿ ಹೂವಿನ ಬಾಟಲಿ

ಒಬ್ಬರು ಅಮ್ಮ ಮಾತ್ರೆಗಳ ಚೀಲವನ್ನು ನನ್ನ ಮೇಜಿನ ಮೇಲೆ ಸುರಿದರು. ಹೃದಯದ ಕವಾಟಕ್ಕೆಂದು ಕೊಟ್ಟ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಖಿನ್ನತೆಗೆ ನಾನೇ ಬರೆದಿದ್ದ ಸರ್ಟ್ರಾಲಿನ್. ಜೊತೆಗೆ ಒಂದು ಬಾಟಲಿ, ಲೇಬಲ್ ಮೇಲೆ ಐದೆಸಳಿನ ಹಳದಿ ಹೂವು.

"ಇದೇನಮ್ಮಾ?"

"ಅದು ಔಷಧಿ ಅಲ್ಲ ಡಾಕ್ಟ್ರೇ. ಮಗ ಅಮೆರಿಕದಿಂದ ತಂದಿದ್ದು, ಬರೀ ಗಿಡಮೂಲಿಕೆ."

ಅದು ಸೇಂಟ್ ಜಾನ್ಸ್ ವರ್ಟ್. ಔಷಧಿ ಅಲ್ಲ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 2008ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ತಂಡ 29 ಪ್ರಯೋಗಗಳನ್ನು, ಅಂದರೆ ಸುಮಾರು 5,500 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿತು. ಈ ಗಿಡದ ಸಾರ ಹುಸಿ ಮಾತ್ರೆಗಿಂತ ಮೇಲು, ಮಾಮೂಲಿ ಖಿನ್ನತೆ ಮಾತ್ರೆಗಳಿಗೆ ಸರಿಸಮ ಎಂದು ಕಂಡಿತು. ಆದರೆ 2002ರಲ್ಲಿ ಅಮೆರಿಕದಲ್ಲಿ 340 ಜನರ ಮೇಲೆ ನಡೆದ ಪ್ರಯೋಗದಲ್ಲಿ ಅದು ಸೋತಿತು. ಅಲ್ಲಿ ಸರ್ಟ್ರಾಲಿನ್ ಕೂಡ ಗೆದ್ದಿರಲಿಲ್ಲ, ಅದು ಬೇರೆ ಮಾತು!

ಕೆಲಸ ಮಾಡುವುದು ಮುಖ್ಯವಾಗಿ ಹೈಪರ್‌ಫೋರಿನ್ ಎಂಬ ಅಂಶ. ಮೆದುಳಿನ ನರಕೋಶಗಳು ತಾವೇ ಬಿಟ್ಟ ಸಿರೊಟೋನಿನ್ ಎಂಬ ರಾಸಾಯನಿಕವನ್ನು ವಾಪಸ್ ಎಳೆದುಕೊಳ್ಳದಂತೆ ಅದು ತಡೆಯುತ್ತದೆ. ಸರ್ಟ್ರಾಲಿನ್ ಮಾಡುವುದೂ ಅದನ್ನೇ. ಎರಡೂ ಸೇರಿದರೆ ಸಿರೊಟೋನಿನ್ ಉಕ್ಕಿ ನಡುಕ, ಬೆವರು, ಜ್ವರ, ಗಾಬರಿ ಶುರುವಾಗಬಹುದು. ಇದೇ ಹೈಪರ್‌ಫೋರಿನ್ ಲಿವರ್‌ನ ಔಷಧಿಗಳನ್ನು ಒಡೆಯುವ ಕಿಣ್ವಗಳನ್ನೂ ಎಬ್ಬಿಸಿ ಕೂರಿಸುತ್ತದೆ. ಆಗ ವಾರ್ಫರಿನ್, ಗರ್ಭನಿರೋಧಕ ಗುಳಿಗೆ, ಎಚ್‌ಐವಿ ಔಷಧಿ ಎಲ್ಲವೂ ಬೇಗ ಕರಗಿ ಹೋಗುತ್ತವೆ.

ಅಮ್ಮನಿಗೆ ಆದದ್ದೂ ಇದೇ. ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತದೆ ಎಂದು ತೋರಿಸುವ, 2ರ ಮೇಲಿರಬೇಕಾದ ಐಎನ್‌ಆರ್ 1.4ಕ್ಕೆ ಇಳಿದಿತ್ತು. ಹೃದಯದ ಡಾಕ್ಟರು ಕಾರಣ ತಿಳಿಯದೆ ವಾರ್ಫರಿನ್ ಡೋಸ್ ಏರಿಸಿದ್ದರು. ಈಗ ಬಾಟಲಿ ನಿಲ್ಲಿಸಿದರೆ ಎರಡು ವಾರದಲ್ಲಿ ಲಿವರ್ ಹಳೇ ವೇಗಕ್ಕೆ ಬರುತ್ತದೆ, ಆ ಏರಿಸಿದ ಡೋಸೇ ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ. ಹೃದಯದ ಡಾಕ್ಟರಿಗೆ ಫೋನ್ ಮಾಡಿದೆ. ಬಾಟಲಿ ನಿಲ್ಲಿಸಿ, ಆಗಾಗ ರಕ್ತ ಪರೀಕ್ಷೆ ಮಾಡುತ್ತಾ ಡೋಸ್ ಇಳಿಸಿದೆವು.

"ಅರಿಶಿನವಾದರೂ ತಗೊಳ್ಳಬಹುದಲ್ವಾ? ಮನಸ್ಸಿಗೆ ಒಳ್ಳೇದಂತೆ."

ಅರಿಶಿನದ ಕರ್ಕ್ಯುಮಿನ್ ಮೇಲೂ ಖಿನ್ನತೆಯ ಪ್ರಯೋಗಗಳು ನಡೆದಿವೆ, ಹೆಚ್ಚಿನವು ಚಿಕ್ಕವು. ತೊಂದರೆ ಏನೆಂದರೆ ಅದು ರಕ್ತಕ್ಕೆ ಸೇರುವುದೇ ಕಡಿಮೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತದಲ್ಲಿ ಸುಮಾರು 20 ಪಟ್ಟು ಜಾಸ್ತಿ ಸಿಕ್ಕಿತು. ಆದರೆ 2 ಗ್ರಾಂ ಕರ್ಕ್ಯುಮಿನ್‌ಗೆ 60 ಗ್ರಾಂನಷ್ಟು ಅರಿಶಿನ ಪುಡಿ ಬೇಕು. ಸಾರಿಗೆ ಹಾಕುವುದು ಚಿಟಿಕೆ. ಹಾಗಾಗಿ ಸಾರಿನ ಅರಿಶಿನಕ್ಕೆ ಹೆದರಬೇಡಿ, ಮೆಣಸಿನ ಸತ್ವ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ಮಾತ್ರ ನನ್ನನ್ನು ಕೇಳದೆ ನುಂಗಬೇಡಿ ಎಂದೆ. ಪೈಪರಿನ್ ಲಿವರ್‌ನ ಕೆಲಸವನ್ನು ನಿಧಾನ ಮಾಡುತ್ತದೆ, ಆ ಹೂವಿಗೆ ಸರಿಯಾಗಿ ಉಲ್ಟಾ.

ಹೊರಡುವಾಗ ಬಾಗಿಲಲ್ಲಿ ನಿಂತು ಒಂದೆಲಗದ ತಂಬುಳಿ ಬಗ್ಗೆ ಕೇಳಿದರು. ಮಾಡಿ, ಆದರೆ ವಾರ್ಫರಿನ್ ಇದೆಯಲ್ಲ, ಸೊಪ್ಪಿನ ವಿಟಮಿನ್ ಕೆ ಅದರ ಕೆಲಸ ತಗ್ಗಿಸುತ್ತದೆ, ಒಂದು ವಾರ ದಿನಾ ಸೊಪ್ಪು, ಇನ್ನೊಂದು ವಾರ ಪೂರ್ತಿ ಬಂದ್ ಅಂತ ಮಾಡಬೇಡಿ ಎಂದೆ. ಚೀಟಿಯಲ್ಲಿ ಅದನ್ನೂ ಬರೆಸಿಕೊಂಡು ಹೋದರು.