ಸೋರ್ಸ್ ಕೋಡಿಗೂ ಪ್ಯಾಕೇಜಿಗೂ ನಡುವಿನ ದಾರಿ

ಲಿನಕ್ಸ್‌ನಲ್ಲಿ ಅಪ್‌ಡೇಟ್ ಮಾಡಿದಾಗ ಸಾಮಾನ್ಯವಾಗಿ ನಮ್ಮ ಯಂತ್ರಕ್ಕೆ ಇಳಿಯುವುದು ಪ್ರೋಗ್ರಾಮರ್‌ಗಳು ಬರೆದ ಸೋರ್ಸ್ ಕೋಡ್ ಅಲ್ಲ, ಬೇರೆಲ್ಲೋ ಕಂಪೈಲ್ ಆಗಿ, ಅಂದರೆ ಯಂತ್ರದ ಭಾಷೆಗೆ ಬದಲಾಗಿ, ಪ್ಯಾಕೇಜಿನ ರೂಪದಲ್ಲಿ ಬಂದ ಬೈನರಿ. ಕೋಡನ್ನು ಯಾರು ಬೇಕಾದರೂ ಓದಬಹುದು, ನಿಜ. ಆದರೆ ಈ ಪ್ಯಾಕೇಜ್ ಆ ಕೋಡಿನಿಂದಲೇ ಹುಟ್ಟಿತು ಎನ್ನುವುದಕ್ಕೆ ಆಧಾರವೇನು? ಬಹುಕಾಲ ಇದ್ದದ್ದು ತಯಾರಿಸಿದವರ ಮೇಲಿನ ನಂಬಿಕೆ ಮಾತ್ರ.

ಈ ಅನುಮಾನ ಲಿನಕ್ಸ್‌ಗಿಂತ ಹಳೆಯದು. ಕಂಪೈಲರನ್ನೇ ಕೆಡಿಸಿಟ್ಟರೆ ಸೋರ್ಸ್ ಕೋಡಿನಲ್ಲಿ ಕುರುಹೂ ಉಳಿಯದಂತೆ ಕಳ್ಳಬಾಗಿಲು ತೆರೆಯಬಹುದು ಎಂದು ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ರೂಪಿಸಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿಕೊಟ್ಟಿದ್ದರು.

1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಲಿನಕ್ಸ್ ವಿತರಣೆ (ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ ಯೋಜನೆ) ಒಂದು ಒಳ್ಳೆಯ ಶಿಸ್ತನ್ನು ರೂಢಿಸಿತು. ಮೂಲ ಲೇಖಕರ ಟಾರ್‌ಬಾಲ್ (ಕೋಡಿನ ಫೈಲುಗಳ ಕಟ್ಟು) ಹಾಗೆಯೇ ಇರುತ್ತದೆ, ವಿತರಣೆಯವರ ತಿದ್ದುಪಡಿಗಳು ಬೇರೆಯಾಗಿ ಇರುತ್ತವೆ. ಏನು ಬದಲಾಗಿದೆ ಎಂಬುದು ಎಲ್ಲರ ಕಣ್ಣೆದುರು. ಆದರೆ ಕಣ್ಣೆದುರು ಇದ್ದದ್ದೆಲ್ಲ ಕಣ್ಣಿಗೆ ಬೀಳುವುದಿಲ್ಲ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ ಪ್ಯಾಕೇಜಿನಲ್ಲಿ, ದೋಷಪತ್ತೆ ಸಾಧನವೊಂದು ಕೊಡುತ್ತಿದ್ದ ಎಚ್ಚರಿಕೆಯನ್ನು ನಿಲ್ಲಿಸಲು ಒಂದೆರಡು ಸಾಲು ಕೋಡನ್ನು ನಿಷ್ಕ್ರಿಯಗೊಳಿಸಿದರು. ರಹಸ್ಯ ಕೀಲಿಗಳ ಯಾದೃಚ್ಛಿಕತೆಗೆ, ಅಂದರೆ ಅವು ಊಹೆಗೆ ಸಿಗದಂತಿರಲು, ಆಮೇಲೆ ಉಳಿದದ್ದು ಓಡುತ್ತಿರುವ ಪ್ರೋಗ್ರಾಮಿಗೆ ಯಂತ್ರ ಕೊಡುವ ಪ್ರೋಸೆಸ್ ಸಂಖ್ಯೆಯೊಂದೇ: ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಲಿಗೆ ಸುಮಾರು 32 ಸಾವಿರ ಸಾಧ್ಯತೆಗಳು. ಕೂತು ಎಣಿಸಿಬಿಡಬಹುದಾದಷ್ಟು! ತಪ್ಪು ಬಯಲಾದದ್ದು 2008ರ ಮೇ ತಿಂಗಳಲ್ಲಿ.

ಬೈನರಿಯ ಪ್ರಶ್ನೆಗೆ ಡೆಬಿಯನ್‌ನಲ್ಲಿ ಗಂಭೀರ ಉತ್ತರ ರೂಪುಗೊಳ್ಳತೊಡಗಿದ್ದು 2013ರಿಂದ. ಒಂದೇ ಕೋಡನ್ನು ಯಾರು, ಎಲ್ಲಿ ಕಂಪೈಲ್ ಮಾಡಿದರೂ ಒಂದೊಂದು ಬಿಟ್ ಕೂಡ ಹೊಂದಿಕೆಯಾಗಬೇಕು ಎಂಬುದು ಆ ಪ್ರಯತ್ನದ ಗುರಿ. ಕೇಳಲು ಸುಲಭ. ಆದರೆ ಫೈಲಿನೊಳಗೆ ಸೇರಿಕೊಳ್ಳುವ ದಿನಾಂಕ, ಫೋಲ್ಡರಿನ ಹೆಸರು, ಫೈಲುಗಳ ಅನುಕ್ರಮ ಇವೆಲ್ಲ ಫಲಿತಾಂಶವನ್ನು ಬದಲಿಸುತ್ತವೆ. ಇಂಥ ಚಿಲ್ಲರೆ ಕಾರಣಗಳನ್ನು ಸಾವಿರಾರು ಪ್ಯಾಕೇಜುಗಳಲ್ಲಿ ಹೆಕ್ಕಿ ತೆಗೆದವರ ತಾಳ್ಮೆ ದೊಡ್ಡದು.

ಅಷ್ಟರಲ್ಲಿ ಪೆಟ್ಟು ಬಿದ್ದದ್ದು ಇನ್ನೊಂದು ಕಡೆಯಿಂದ. 2024ರ ಮಾರ್ಚ್‌ನಲ್ಲಿ ಎಸ್‌ಎಸ್‌ಎಚ್ (ದೂರದ ಯಂತ್ರವನ್ನು ಸುರಕ್ಷಿತವಾಗಿ ಪ್ರವೇಶಿಸುವ ಸಾಧನ) ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದರ ಬೆನ್ನು ಹತ್ತಿದ ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರೂಂಡ್, ಫೈಲುಗಳ ಗಾತ್ರ ಕುಗ್ಗಿಸುವ ಎಕ್ಸ್‌ಝೆಡ್ ಎಂಬ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿದ್ದ ಕಳ್ಳಬಾಗಿಲನ್ನು ಕಂಡುಹಿಡಿದರು. ವರ್ಷಗಟ್ಟಲೆ ಕೆಲಸ ಮಾಡಿ ನಂಬಿಕೆ ಗಳಿಸಿದ ನಿರ್ವಾಹಕ ಖಾತೆಯೊಂದರಿಂದಲೇ ಅದು ಒಳಸೇರಿತ್ತು. ಅದಕ್ಕೆ ಚಾಲನೆ ಕೊಡುವ ಸಾಲುಗಳು ಇದ್ದದ್ದು ಬಿಡುಗಡೆಯ ಟಾರ್‌ಬಾಲಿನಲ್ಲಿ, ಕೋಡಿನ ಬದಲಾವಣೆಗಳೆಲ್ಲ ದಾಖಲಾಗುವ, ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಲ್ಲ. ಮೂಲವೇ ಕೆಟ್ಟಿದ್ದರೆ ಬಿಟ್ ಬಿಟ್ ಹೋಲಿಸಿಯೂ ಪ್ರಯೋಜನವಿಲ್ಲ; ಕೆಟ್ಟದ್ದೇ ಮತ್ತೆ ಮತ್ತೆ ನಿಖರವಾಗಿ ತಯಾರಾಗುತ್ತದೆ. ಆ ಕಳ್ಳಬಾಗಿಲು ಡೆಬಿಯನ್‌ನ ಸ್ಥಿರ ಆವೃತ್ತಿಯನ್ನು ತಲುಪುವ ಮೊದಲೇ ಸಿಕ್ಕಿಬಿದ್ದದ್ದು ಅದೃಷ್ಟ.

ಮತ್ತೊಂದು ವಿತರಣೆಯಾದ ಆರ್ಚ್ ಲಿನಕ್ಸ್ ಕೂಡಲೇ ಎಕ್ಸ್‌ಝೆಡ್ ಪ್ಯಾಕೇಜನ್ನು ಟಾರ್‌ಬಾಲ್ ಬಿಟ್ಟು ನೇರ ಗಿಟ್‌ನಿಂದ ಕಟ್ಟಿತು. ಆದರೆ ಕಳ್ಳಬಾಗಿಲಿನ ಮುಖ್ಯ ಭಾಗ ಗಿಟ್‌ನಲ್ಲೂ ಇತ್ತು, ಪರೀಕ್ಷೆಗೆಂದು ಇಟ್ಟ ಫೈಲುಗಳ ವೇಷದಲ್ಲಿ.